ಮಗು ಮನೆಗೆ ಬಂದಾಯ್ತು, ಇನ್ನು ಮುಂದೆ?

ಈ ಸಲದ ಪ್ರಶ್ನೋತ್ತರ ಪೂರ್ತಿ ದತ್ತು ಮಕ್ಕಳ ಬಗ್ಗೆ. ಹೊರದೇಶದಲ್ಲಿರುವ ಕನ್ನಡದ ದಂಪತಿಗಳು ಇಲ್ಲಿನ ಶಿಶುಗೃಹಗಳಿಂದ ಮಕ್ಕಳನ್ನು ದತ್ತು ಪಡೆಯುವುದು ಹೊಸದೇನಲ್ಲ. ಕಾರಾ (ದತ್ತು ನೋಡಿಕೊಳ್ಳುವ ಕೇಂದ್ರ ಪ್ರಾಧಿಕಾರ) ನೋಂದಣಿ, ಹೋಮ್ ಸ್ಟಡಿ ಅನ್ನುವ ಮನೆ ಪರಿಶೀಲನೆ, ಎನ್‌ಒಸಿ ಅನ್ನುವ ಕಾರಾದ ಒಪ್ಪಿಗೆ ಪತ್ರ, ಜಿಲ್ಲಾಧಿಕಾರಿಗಳ ಆದೇಶ, ಪಾಸ್‌ಪೋರ್ಟ್, ವೀಸಾ ಅಂತ ವರ್ಷಗಟ್ಟಲೆ ಓಡಾಡಿ ಕಾಗದಪತ್ರದ ವಿಷಯದಲ್ಲಿ ಅರ್ಧ ವಕೀಲರೇ ಆಗಿಬಿಟ್ಟಿರುತ್ತಾರೆ. ಮಗು ವಿಮಾನ ಇಳಿದ ಮೇಲೆ ಏನು ಮಾಡಬೇಕು ಅಂತ ಮಾತ್ರ ಯಾರೂ ಹೇಳಿರುವುದಿಲ್ಲ. ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿ ಚಿಕ್ಕದು ಮಾಡಿ ಕೊಟ್ಟಿದ್ದೇನೆ. ಬರೆದವರ ಹೆಸರು ಹಾಕಿಲ್ಲ.

ಪ್ರಶ್ನೆ: ನಾವು ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದೇವೆ. ಉತ್ತರ ಕರ್ನಾಟಕದ ಒಂದು ಶಿಶುಗೃಹದಿಂದ ಮಗಳನ್ನು ಕರೆತಂದು ಒಂದೂವರೆ ತಿಂಗಳಾಯಿತು. ಅವಳಿಗೀಗ ಎರಡು ವರ್ಷ ಎರಡು ತಿಂಗಳು. ನನ್ನನ್ನು ಬಿಟ್ಟು ಒಂದು ನಿಮಿಷ ಇರುವುದಿಲ್ಲ, ಬಾತ್‌ರೂಮಿಗೂ ಹಿಂದೆ ಬರುತ್ತಾಳೆ. ಗಂಡ ಹತ್ತಿರ ಬಂದರೆ ಕಿರುಚುತ್ತಾಳೆ. ಅವರು ಹೇಳಿಕೊಳ್ಳುವುದಿಲ್ಲ, ಆದರೆ ತುಂಬ ನೊಂದಿದ್ದಾರೆ. ರಾತ್ರಿ ಎದ್ದು ಎದ್ದು ಅಳುತ್ತಾಳೆ. ಊಟಕ್ಕೆ ಕೂತರೆ ಸಾಕು ಅನ್ನುವುದೇ ಇಲ್ಲ, ಒಮ್ಮೊಮ್ಮೆ ವಾಂತಿಯಾಗುವವರೆಗೂ ತಿನ್ನುತ್ತಾಳೆ. ಮೊನ್ನೆ ದಿಂಬಿನ ಕೆಳಗೆ ಚಪಾತಿ ತುಂಡು ಸಿಕ್ಕಿತು. ನಾವು ಏನು ತಪ್ಪು ಮಾಡುತ್ತಿದ್ದೇವೆ?

ಉತ್ತರ: ಏನೂ ತಪ್ಪು ಮಾಡುತ್ತಿಲ್ಲ. ನೀವು ಬರೆದಿದ್ದರಲ್ಲಿ ನನಗೆ ಗಾಬರಿ ಹುಟ್ಟಿಸುವಂಥದ್ದು ಒಂದೂ ಕಾಣಲಿಲ್ಲ. ಸ್ವಲ್ಪ ಅವಳ ಕಡೆಯಿಂದ ನೋಡಿ. ಕಂಡಿದ್ದೆಲ್ಲ ಒಂದು ದೊಡ್ಡ ಕೋಣೆ, ಸಾಲು ತೊಟ್ಟಿಲು, ರಾತ್ರಿಯೆಲ್ಲ ಉರಿಯುವ ಸಣ್ಣ ದೀಪ, ಪಕ್ಕದಲ್ಲಿ ಕೆಮ್ಮುವ ಇನ್ನೊಂದು ಮಗು, ಸ್ನಾನ ಮಾಡಿಸುವ ಆಯಾ. ಒಂದು ದಿನ ಯಾರೋ ಇಬ್ಬರು ಬಂದು ಎತ್ತಿಕೊಂಡು ಹೋದರು, ಅವತ್ತಿನಿಂದ ಅದು ಯಾವುದೂ ಇಲ್ಲ. ಆ ವಾಸನೆ ಇಲ್ಲ, ಆ ಸದ್ದು ಇಲ್ಲ, ಆ ಸಾರಿನ ರುಚಿ ಇಲ್ಲ, ಹೊರಗೆ ಆ ಬಿಸಿಲೂ ಇಲ್ಲ. ನಿಮಗೆ ಅದು ಕಾದು ಕಾದು ಬಂದ ಶುಭ ದಿನ. ಅವಳಿಗೆ ಗೊತ್ತಿದ್ದವರೆಲ್ಲ ಒಂದೇ ಏಟಿಗೆ ಮಾಯವಾದ ದಿನ. ಎರಡು ವರ್ಷದ ಮಗು ಇದನ್ನು ಬಾಯಿಬಿಟ್ಟು ಹೇಳಲಾರದು. ಅಳುತ್ತದೆ, ಕಚ್ಚುತ್ತದೆ, ಸಿಕ್ಕಿದ್ದನ್ನು ಬಾಯಿಗೆ ತುಂಬಿಕೊಳ್ಳುತ್ತದೆ.

ಮೊದಲು ಅಂಟಿಕೊಳ್ಳುವ ವಿಷಯ. ಅದು ಒಳ್ಳೆಯ ಸುದ್ದಿ ಕಣ್ರೀ. ಅವಳು ಒಬ್ಬರನ್ನು ಆರಿಸಿಕೊಂಡಿದ್ದಾಳೆ. ಬಿಡಿಸಲು ಹೋಗಬೇಡಿ. 'ಹೀಗೇ ಎತ್ತಿಕೊಂಡಿದ್ದರೆ ಕೆಟ್ಟುಹೋಗುತ್ತಾಳೆ' ಅನ್ನುವವರ ಮಾತು ಕೇಳಬೇಡಿ. ಇನ್ನೂ ಜಾಸ್ತಿ ಎತ್ತಿಕೊಳ್ಳಿ. ಹಳೆಯ ಕಾಟನ್ ಸೀರೆಯಲ್ಲಿ ಕಟ್ಟಿಕೊಂಡು ಮನೆ ಕೆಲಸ ಮಾಡಿ, ಬೆನ್ನು ತಡೆದರೆ. ಬಾತ್‌ರೂಮಿಗೆ ಹೋಗುವಾಗ ಹೇಳಿ ಹೋಗಿ, ಬಾಗಿಲು ಸ್ವಲ್ಪ ತೆರೆದಿಡಿ, ಒಳಗಿನಿಂದ ಮಾತಾಡುತ್ತಿರಿ. ಅವಳ ಕಣ್ಣು ತಪ್ಪಿಸಿ ಕದ್ದು ಹೋಗುವುದು ಮಾತ್ರ ಬೇಡವೇ ಬೇಡ. ಅಮ್ಮ ಹೋದರೂ ತಿರುಗಿ ಬರುತ್ತಾಳೆ ಅನ್ನುವುದು ಅವಳಿಗೆ ಇನ್ನೂ ಗೊತ್ತಿಲ್ಲದ ಸಂಗತಿ. ಮುಖ ಮುಚ್ಚಿಕೊಂಡು ಬೂಚಿ ಆಡುತ್ತೀರಲ್ಲ, ಆ ಆಟದಲ್ಲಿ ಕಲಿಸುವುದು ಅದನ್ನೇ. ದಿನಾ ಆಡಿ.

ಇನ್ನು ನಿಮ್ಮ ಯಜಮಾನರು. ಅವರಿಗೆ ಈ ಪತ್ರಿಕೆ ಕೊಟ್ಟು ಇಷ್ಟು ಭಾಗ ಓದಲು ಹೇಳಿ. ಶಿಶುಗೃಹಗಳಲ್ಲಿ ಮಕ್ಕಳನ್ನು ನೋಡಿಕೊಳ್ಳುವವರು ಹೆಚ್ಚುಕಡಿಮೆ ಎಲ್ಲರೂ ಹೆಂಗಸರು. ಗಂಡಸು ಅಂದರೆ ಆ ಮಗುವಿಗೆ ಯಾವಾಗಲೋ ಬಂದು ಸೂಜಿ ಚುಚ್ಚಿದ ಡಾಕ್ಟರೋ, ವ್ಯಾನ್ ಡ್ರೈವರೋ ಇರಬಹುದು. ದಪ್ಪ ದನಿ, ಗಡ್ಡ, ಎತ್ತರ ಎಲ್ಲವೂ ಹೊಸದು. ಹಾಗಾಗಿ ಇದನ್ನು ಮನಸ್ಸಿಗೆ ಹಚ್ಚಿಕೊಳ್ಳುವುದು ಬೇಡ. 'ನೀನು ಎರಡು ದಿನ ಎಲ್ಲಾದರೂ ಹೋಗು, ನನ್ನ ಜೊತೆ ತಾನೇ ಒಗ್ಗುತ್ತಾಳೆ' ಅನ್ನುವ ಪ್ರಯೋಗವೂ ಬೇಡ. ಅವಳಿಗೆ ಅದು ಇನ್ನೊಂದು ಸಲ ಕಳೆದುಕೊಂಡ ಹಾಗೆ. ಅವಳು ನಿಮ್ಮ ತೊಡೆಯ ಮೇಲೆ ಕೂತಿರುವಾಗ ಅಪ್ಪ ಎದುರು ಕೂತು ತುತ್ತು ಕೊಡಲಿ. ನೆಲದ ಮೇಲೆ ಮಲಗಿಕೊಂಡು ತಮ್ಮ ಪಾಡಿಗೆ ಬ್ಲಾಕ್ ಜೋಡಿಸುತ್ತಿರಲಿ, ಕರೆಯದೆ, ದಿಟ್ಟಿಸಿ ನೋಡದೆ. ನಿಂತ ಗಂಡಸಿಗಿಂತ ಮಲಗಿದ ಗಂಡಸಿಗೆ ಮಕ್ಕಳು ಕಡಿಮೆ ಹೆದರುತ್ತವೆ. ಬಾಳೆಹಣ್ಣು ಸಿಗುವುದು ಅಪ್ಪನ ಕೈಯಿಂದಲೇ ಅಂತ ಆಗಲಿ. ಮಿಕ್ಕ ಹೊತ್ತಿನಲ್ಲಿ ಅಡುಗೆ, ಬಟ್ಟೆ, ಫೋನು, ನೆಂಟರನ್ನು ಬಾಗಿಲಲ್ಲೇ ಮಾತಾಡಿಸಿ ಕಳಿಸುವುದು, ಇವೆಲ್ಲ ಅವರ ಖಾತೆ. ಅದೂ ಮಗು ಸಾಕುವ ಕೆಲಸವೇ ಅಲ್ವಾ?

ರಾತ್ರಿಯ ಅಳು. ನಿಮ್ಮ ಊರಿಗೂ ಇಲ್ಲಿಗೂ ಚಳಿಗಾಲದಲ್ಲಿ ಹತ್ತೂವರೆ ಗಂಟೆ ವ್ಯತ್ಯಾಸ, ಬೇಸಿಗೆಯಲ್ಲಿ ಒಂಬತ್ತೂವರೆ. ಆದರೆ ಒಂದೂವರೆ ತಿಂಗಳಲ್ಲಿ ಅದು ಸರಿಹೋಗಿರುತ್ತದೆ, ಈಗಿನದು ಭಯ. ಗೊಂಬೆಯ ಬೆಡ್‌ಶೀಟ್ ಹಾಕಿ ಸಿಂಗರಿಸಿದ ಬೇರೆ ಕೋಣೆ ಸದ್ಯಕ್ಕೆ ಖಾಲಿ ಇರಲಿ. ಒಂಟಿಯಾಗಿ, ಕತ್ತಲಲ್ಲಿ, ಸದ್ದಿಲ್ಲದ ಕಡೆ ಅವಳು ಯಾವತ್ತೂ ಮಲಗಿಲ್ಲ. ನಿಮ್ಮ ಹಾಸಿಗೆಯ ಪಕ್ಕ ನೆಲಕ್ಕೆ ಒಂದು ಹಾಸಿಗೆ ಹಾಕಿ, ಸಣ್ಣ ದೀಪ ಇರಲಿ, ಫ್ಯಾನ್ ಸದ್ದಿರಲಿ. ಎದ್ದು ಅತ್ತಾಗ ಪ್ರತಿ ಸಲ ಅದೇ ನಾಲ್ಕು ಮಾತು ಹೇಳಿ. 'ಅಮ್ಮ ಇದ್ದೀನಿ, ಮಲಗು ಪುಟ್ಟಿ.' ದೂಡಿದರೆ ಎದ್ದು ಹೋಗಬೇಡಿ, ಕೈಗೆ ಸಿಗುವಷ್ಟು ದೂರದಲ್ಲಿ ಸುಮ್ನೆ ಕೂತಿರಿ. ಅತ್ತು ಅತ್ತು ತಾನೇ ಮಲಗಲಿ ಅಂತ ಬಿಡುವ ಪದ್ಧತಿಯನ್ನು ನಿಮ್ಮ ಕಡೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಕರೆದರೆ ಯಾರಾದರೂ ಬರುತ್ತಾರೆ ಅಂತ ಆಗಲೇ ಗೊತ್ತಿರುವ ಮಗುವಿನ ಮಾತು ಬೇರೆ. ನಿಮ್ಮ ಮಗಳು ಎಷ್ಟೋ ರಾತ್ರಿ ಅತ್ತು ಯಾರೂ ಬರದೆ ಸುಮ್ಮನಾಗಿರಬಹುದು. ಇಪ್ಪತ್ತು ಮಕ್ಕಳಿಗೆ ರಾತ್ರಿ ಇಬ್ಬರೇ ಆಯಾ ಇದ್ದರೆ ಅವರಾದರೂ ಏನು ಮಾಡಿಯಾರು.

ಊಟ. ತಟ್ಟೆ ಕಿತ್ತುಕೊಳ್ಳಬೇಡಿ, ಗದರಿಸಬೇಡಿ, 'ನೋಡು ಎಷ್ಟು ತಿಂತಾಳೆ' ಅಂತ ನಗಬೇಡಿ. ಎರಡು ಎರಡೂವರೆ ಗಂಟೆಗೊಮ್ಮೆ ಏನಾದರೂ ಕೊಡಿ, ಸ್ವಲ್ಪ ಸ್ವಲ್ಪವೇ ಬಡಿಸಿ, ಪಾತ್ರೆಯಲ್ಲಿ ಇನ್ನೂ ಇದೆ ಅಂತ ತೋರಿಸಿ. ಅವಳ ಕೈಗೆಟಕುವ ಕಡೆ ಅವಳದೇ ಒಂದು ಡಬ್ಬಿ ಇಡಿ. ಅದರಲ್ಲಿ ಬಾಳೆಹಣ್ಣು, ರಸ್ಕು, ಚಪಾತಿ ಚೂರು ಯಾವಾಗಲೂ ಇರಲಿ, ಖಾಲಿಯಾದರೆ ಅವಳ ಕಣ್ಣೆದುರೇ ತುಂಬಿಸಿ. ಕಡಲೆಬೀಜ, ಇಡೀ ದ್ರಾಕ್ಷಿ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ದಿಂಬಿನ ಕೆಳಗಿನ ಚಪಾತಿಯನ್ನು ಬೈಯದೆ ಡಬ್ಬಿಗೆ ಹಾಕಿ. ಡಬ್ಬಿ ದಿನವೂ ತುಂಬಿರುತ್ತದೆ ಅಂತ ನಂಬಿಕೆ ಬಂದ ಮೇಲೆ ಬಚ್ಚಿಡುವುದು ತಾನಾಗಿ ಕಡಿಮೆಯಾಗುತ್ತದೆ. ಕೆಲವು ಮಕ್ಕಳಿಗೆ ವಾರಗಳು ಸಾಕು, ಕೆಲವಕ್ಕೆ ತಿಂಗಳುಗಳು ಬೇಕು. ಅಲ್ಲಿ ತಿನ್ನುತ್ತಿದ್ದ ಅನ್ನ ಬೇಳೆ, ರಾಗಿ ಗಂಜಿಯನ್ನೇ ಮುಂದುವರಿಸಿ. ಪಾಸ್ತಾ, ಚೀಸ್ ಎಲ್ಲಿಗೂ ಓಡಿಹೋಗುವುದಿಲ್ಲ. ಅಗಿಯಲು ಬರುತ್ತದೆಯೇ ಅಂತಲೂ ನೋಡಿ. ಮೆತ್ತಗೆ ಕಲಸಿದ್ದನ್ನೇ ಬೇಗಬೇಗ ತಿನ್ನಿಸಿ ಬೆಳೆಸಿದ ಮಕ್ಕಳು ಅಗಿಯದೆ ನುಂಗುತ್ತವೆ, ವಾಂತಿಗೆ ಅದೂ ಕಾರಣ ಇರಬಹುದು.

ಡಾಕ್ಟರಿಗೆ ಇನ್ನೂ ತೋರಿಸಿಲ್ಲದಿದ್ದರೆ ಈ ವಾರವೇ ಹೋಗಿ. ಬಂದ ಎರಡು ವಾರದೊಳಗೆ ತೋರಿಸುವುದು ಒಳ್ಳೆಯದು. ರಕ್ತಹೀನತೆ, ಹೊಟ್ಟೆಹುಳು, ಜಿಯಾರ್ಡಿಯಾ (ಭೇದಿ ತರುವ ಕರುಳಿನ ಸೋಂಕು), ಹೆಪಟೈಟಿಸ್ ಬಿ, ಎಚ್‌ಐವಿ, ಥೈರಾಯ್ಡ್, ರಕ್ತದಲ್ಲಿ ಸೀಸ, ವಿಟಮಿನ್ ಡಿ, ಕಣ್ಣು, ಕಿವಿ ಎಲ್ಲವನ್ನೂ ನೋಡಲಿ. ಇಲ್ಲಿ ಮಾಡಿದ ಪರೀಕ್ಷೆಯ ವರದಿ ಇದ್ದರೂ ಮತ್ತೆ ಮಾಡಿಸಿ. ಇಲ್ಲಿ ಕ್ಷಯ ತಡೆಯುವ ಬಿಸಿಜಿ ಲಸಿಕೆ ಹಾಕಿರುವುದರಿಂದ ಕ್ಷಯದ ಚರ್ಮದ ಪರೀಕ್ಷೆ ತಪ್ಪಾಗಿ ಪಾಸಿಟಿವ್ ತೋರಿಸಬಹುದು, ರಕ್ತದ ಪರೀಕ್ಷೆ ಮಾಡಬಹುದೇ ಅಂತ ಕೇಳಿ. ಇನ್ನೊಂದು ವಿಷಯ, ಇದನ್ನು ಯಾರೂ ಹೇಳುವುದಿಲ್ಲ. ನಮ್ಮ ಬಹಳಷ್ಟು ಮಕ್ಕಳಿಗೆ ಸೊಂಟದ ಕೆಳಗೆ ನೀಲಿ ಮಚ್ಚೆ ಹುಟ್ಟಿನಿಂದ ಇರುತ್ತದೆ. ಮುಂದೆ ಡೇಕೇರ್‌ನಲ್ಲಿ ಯಾರಾದರೂ ಅದನ್ನು ಪೆಟ್ಟಿನ ಗುರುತು ಅಂತ ತಿಳಿದು ದೂರು ಕೊಟ್ಟರೆ ಪಾಡು ಬೇಡ. ಇದ್ದರೆ ಡಾಕ್ಟರ್ ಮೊದಲೇ ದಾಖಲೆಯಲ್ಲಿ ಬರೆದಿಡಲಿ.

ಮಾತಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬೇರೆ ದೇಶದವರಿಗೆ ಇಲ್ಲದ ಒಂದು ಭಾಗ್ಯ ನಿಮಗಿದೆ, ಅವಳಿಗೆ ಗೊತ್ತಿರುವ ಕನ್ನಡ ನಿಮಗೂ ಗೊತ್ತು. ಬೇಗ ಇಂಗ್ಲಿಷ್ ಬರಲಿ ಅಂತ ಅದನ್ನು ನಿಲ್ಲಿಸಬೇಡಿ. ಆ ಕಡೆಯ ಕನ್ನಡ ನಿಮ್ಮದಕ್ಕಿಂತ ಬೇರೆ ಇದ್ದರೆ ಆಯಾಗಳು ಬಳಸುತ್ತಿದ್ದ 'ಬಾರವ್ವ', 'ಉಣ್ಣು' ತರಹದ ನಾಲ್ಕು ಮಾತು ಕೇಳಿ ತಿಳಿದು ಬಳಸಿ. ಮಾತು ತಡ ಅನ್ನಿಸಿದರೆ ಅಮೆರಿಕದಲ್ಲಿ ಬೆಳವಣಿಗೆ ತಡವಾದ ಮೂರು ವರ್ಷದೊಳಗಿನ ಮಕ್ಕಳಿಗೆ ನೆರವಾಗುವ ಅರ್ಲಿ ಇಂಟರ್ವೆನ್ಷನ್ ವ್ಯವಸ್ಥೆ ಇದೆ, ತಪಾಸಣೆಗೆ ದುಡ್ಡು ಕೊಡಬೇಕಿಲ್ಲ. ಮೂರು ತುಂಬಿದ ಮೇಲೆ ಅದು ಶಾಲಾ ಜಿಲ್ಲೆಗೆ, ಅಂದರೆ ಆ ಭಾಗದ ಸರ್ಕಾರಿ ಶಾಲೆಗಳ ಆಡಳಿತಕ್ಕೆ ಹೋಗುತ್ತದೆ, ಹಾಗಾಗಿ ಈಗಲೇ ಫೋನ್ ಮಾಡಿ. ಡೇಕೇರ್ ಎಷ್ಟು ಮುಂದಕ್ಕೆ ಹಾಕಲಾಗುತ್ತದೋ ಅಷ್ಟು ಹಾಕಿ. ನ್ಯೂಜೆರ್ಸಿಯ ಕುಟುಂಬ ರಜೆ ವಿಮೆಯಲ್ಲಿ ದತ್ತು ಮಗುವಿಗೂ 12 ವಾರದವರೆಗೆ ಭತ್ಯೆ ಸಿಗುತ್ತದೆ, ತಂದೆಗೂ ಬೇರೆಯಾಗಿ. ನಿಮ್ಮ ರಜೆ ಮುಗಿದ ಮೇಲೆ ಅವರದು ಶುರುವಾಗಲಿ.

ಪ್ರಶ್ನೆ: ಮಗಳು ಅಳಿಯ ಜರ್ಮನಿಯ ಮ್ಯೂನಿಕ್‌ನಲ್ಲಿದ್ದಾರೆ. ಎರಡು ವರ್ಷದ ಗಂಡು ಮಗುವನ್ನು ದತ್ತು ತೆಗೆದುಕೊಂಡರು. ಖುಷಿಯಿಂದ ಮೈಸೂರಿನಿಂದ ಹೋದೆ. ಹೋದ ಮೇಲೆ, 'ಅಮ್ಮ, ನೀನು ಅವನನ್ನು ಎತ್ತಿಕೊಳ್ಳಬೇಡ, ತಿನ್ನಿಸಬೇಡ' ಅಂದಳು. ನಾನೇನು ಪರಕೀಯಳೇ? ಮೂವರನ್ನು ಸಾಕಿದವಳು ನಾನು.

ಉತ್ತರ: ನಿಮಗೆ ಬೇಸರವಾಗಿದ್ದು ಸಹಜ. ನಿಮ್ಮ ಮಗಳು ಹೇಳಿದ್ದು ಸರಿ. ಎರಡೂ ನಿಜ.

ಆ ಮಗುವಿಗೆ ಹುಟ್ಟಿದಾಗಿನಿಂದ ಒಂದೊಂದು ಪಾಳಿಗೆ ಒಬ್ಬೊಬ್ಬರು ತಿನ್ನಿಸಿದ್ದಾರೆ, ಒಬ್ಬೊಬ್ಬರು ತೊಳೆದಿದ್ದಾರೆ. ಯಾರು ಬೇಕಾದರೂ ಎತ್ತಬಹುದು, ಯಾರು ಬೇಕಾದರೂ ಬಿಟ್ಟು ಹೋಗಬಹುದು ಅನ್ನುವುದು ಅವನ ಅನುಭವ. ಈಗ ಅವನಿಗೆ ತಿಳಿಯಬೇಕಾದ್ದು ಒಂದೇ. ಹಸಿದರೆ, ಬಿದ್ದರೆ, ನಿದ್ದೆ ಬಂದರೆ ಇವರಿಬ್ಬರೇ. ಅದು ಗಟ್ಟಿಯಾಗುವವರೆಗೆ ತಿನ್ನಿಸುವುದು, ಸ್ನಾನ, ಮಲಗಿಸುವುದು, ಪೆಟ್ಟಾದಾಗ ಸಮಾಧಾನ ಮಾಡುವುದು ಅಪ್ಪ ಅಮ್ಮನದೇ ಆಗಿರಬೇಕು. ನಮ್ಮ ಕೂಡುಕುಟುಂಬಗಳಲ್ಲಿ ಮಗು ಹತ್ತು ಕೈಯಲ್ಲಿ ಬೆಳೆಯುತ್ತಿತ್ತು ಅಂತ ನೀವು ಹೇಳಬಹುದು. ಹೌದು, ಆದರೆ ಆ ಮಗು ಒಬ್ಬ ತಾಯಿಯ ಮಗ್ಗುಲಲ್ಲೇ ಮಲಗುತ್ತಿತ್ತು, ಹತ್ತೂ ಕೈಗಳು ನಾಳೆಯೂ ಅಲ್ಲೇ ಇರುತ್ತಿದ್ದವು. ನೀವು ವೀಸಾ ಮುಗಿದ ಕೂಡಲೇ ವಾಪಸ್ ಬರುವವರು. ಹಚ್ಚಿಕೊಂಡ ಅಜ್ಜಿ ಒಂದು ದಿನ ಸೂಟ್‌ಕೇಸ್ ಹಿಡಿದು ಹೋದರೆ ಅವನ ಪಾಲಿಗೆ ಅದು ಮತ್ತೊಬ್ಬ ಆಯಾ ಹೋದ ಹಾಗೇ.

ಹಾಗಂತ ಮೂಲೆಯಲ್ಲಿ ಕೂರಬೇಕಿಲ್ಲ. ನೀವು ಮಗಳನ್ನು ನೋಡಿಕೊಳ್ಳಿ, ಅವಳು ಮಗುವನ್ನು ನೋಡಿಕೊಳ್ಳಲಿ. ಬಾಣಂತಿಗೆ ಹೇಗೆ ಮಾಡುತ್ತಿದ್ದಿರೋ ಹಾಗೆ ಹೊತ್ತು ಹೊತ್ತಿಗೆ ಬಿಸಿ ಊಟ ಹಾಕಿ, ಮಧ್ಯಾಹ್ನ ಮಲಗಲು ಬಿಡಿ. ಹೆತ್ತಿಲ್ಲ ಅಂತ ಅವಳಿಗೆ ಸುಸ್ತಾಗುವುದಿಲ್ಲವೇ? ದತ್ತು ತೆಗೆದುಕೊಂಡ ತಾಯಂದಿರಿಗೂ ಮನಸ್ಸು ಕುಗ್ಗುತ್ತದೆ. ಇಷ್ಟು ವರ್ಷ ಬೇಡಿ ಪಡೆದ ಮಗುವಿನ ಮೇಲೆ ಪ್ರೀತಿ ಇನ್ನೂ ಬಂದಿಲ್ಲವಲ್ಲ ಅಂತ ಒಳಗೊಳಗೇ ಹೆದರುತ್ತಾರೆ, ಬಾಯಿ ಬಿಡುವುದಿಲ್ಲ. ನಿಮ್ಮ ಹತ್ತಿರ ಹೇಳಿಕೊಂಡರೆ ಬುದ್ಧಿ ಹೇಳದೆ ಕೇಳಿಸಿಕೊಳ್ಳಿ. ಮಗುವಿನ ಜೊತೆ ನೆಲದ ಮೇಲೆ ಕೂತು ಆಡಿ, ಹಾಡು ಹೇಳಿ, ಕೈಚಪ್ಪಾಳೆ ತಟ್ಟಿ. ಅವನು ಬಿದ್ದು ಅತ್ತರೆ ಎತ್ತಿ ಅಮ್ಮನ ಕೈಗೆ ಕೊಟ್ಟುಬಿಡಿ. ಊರಿಗೆ ಬಂದ ಮೇಲೂ ದಿನಾ ಅದೇ ಹೊತ್ತಿಗೆ ವಿಡಿಯೋ ಕಾಲ್‌ನಲ್ಲಿ ಕಾಣಿಸಿಕೊಳ್ಳಿ.

ಮತ್ತೆ, ನೆಂಟರ ಮುಂದೆ 'ಎಂಥ ಪುಣ್ಯದ ಕೆಲಸ', 'ಆ ಮಗು ಅದೃಷ್ಟ ಮಾಡಿತ್ತು' ಅನ್ನುವ ಮಾತು ಬಂದರೆ ದಯವಿಟ್ಟು ಅಲ್ಲೇ ತಡೆಯಿರಿ. ನಿಮ್ಮ ಮಗಳಿಗೆ ಮಗು ಬೇಕಿತ್ತು, ಆದ್ದರಿಂದ ತಂದುಕೊಂಡಳು. ಇನ್ನು ಅದೃಷ್ಟದ ಮಾತು ಕೇಳುತ್ತ ಬೆಳೆದ ಮಗು ಜೀವನಪೂರ್ತಿ ಋಣ ತೀರಿಸಲು ಹೊರಡುತ್ತದೆ.

ಪ್ರಶ್ನೆ: ನಮ್ಮ ಮಗನಿಗೆ ಮೂರು ವರ್ಷ. ಇಂಗ್ಲೆಂಡಿನ ರೆಡಿಂಗ್‌ಗೆ ಬಂದು ನಾಲ್ಕು ತಿಂಗಳಾಯಿತು. ಒಂದು ದಿನವೂ ಅತ್ತಿಲ್ಲ. ಪಾರ್ಕಿನಲ್ಲಿ ಯಾರು ಕೈ ಚಾಚಿದರೂ ಹೋಗುತ್ತಾನೆ, ಎಲ್ಲ ಹೆಂಗಸರನ್ನೂ 'ಅಮ್ಮ' ಅನ್ನುತ್ತಾನೆ. ಎಲ್ಲರೂ ಎಷ್ಟು ಒಳ್ಳೆಯ ಮಗು ಅನ್ನುತ್ತಾರೆ. ನನಗೇಕೋ ಕಸಿವಿಸಿ.

ಉತ್ತರ: ನಿಮ್ಮ ಕಸಿವಿಸಿಗೆ ಕಾರಣವಿದೆ. ಎಡಿಸನ್‌ನ ಆ ಅಳುವ ಮಗುವಿಗಿಂತ ಅಳದ ಈ ಮಗುವಿನ ಬಗ್ಗೆ ನಾನು ಜಾಸ್ತಿ ಯೋಚಿಸುತ್ತೇನೆ. 1950ರ ಹೊತ್ತಿಗೆ ಲಂಡನ್‌ನಲ್ಲಿ ಮನೋವೈದ್ಯ ಜಾನ್ ಬೌಲ್ಬಿ ಮತ್ತು ಅವರ ಸಹೋದ್ಯೋಗಿ ಜೇಮ್ಸ್ ರಾಬರ್ಟ್‌ಸನ್, ಅಪ್ಪ ಅಮ್ಮನನ್ನು ಬಿಟ್ಟು ಆಸ್ಪತ್ರೆಯಲ್ಲಿದ್ದ ಪುಟ್ಟ ಮಕ್ಕಳನ್ನು ಗಮನಿಸಿ ಒಂದು ಮಾತು ಹೇಳಿದರು. ಮೊದಲು ಮಗು ಅತ್ತು ಕೂಗುತ್ತದೆ, ಆಮೇಲೆ ಮಂಕಾಗುತ್ತದೆ, ಕೊನೆಗೆ ನರ್ಸ್‌ಗಳ ಜೊತೆ ನಗುನಗುತ್ತಾ ಇರುತ್ತದೆ. ಆ ನಗು ನೋಡಿ ದಾದಿಯರು ಮಗು ಒಗ್ಗಿಕೊಂಡಿತು ಅಂದುಕೊಳ್ಳುತ್ತಿದ್ದರು. ವಾಸ್ತವದಲ್ಲಿ ಅದು ಯಾರ ಮೇಲೂ ಆಸೆ ಇಟ್ಟುಕೊಳ್ಳುವುದನ್ನು ಬಿಟ್ಟಿರುತ್ತಿತ್ತು.

ಹಾಗಂತ ನಿಮ್ಮ ಮಗನಿಗೂ ಹಾಗೇ ಆಗಿದೆ ಅಂತ ಇಲ್ಲಿ ಕೂತು ಹೇಳಲಾರೆ. ಕೆಲವು ಮಕ್ಕಳ ಸ್ವಭಾವವೇ ಕಲೆತು ಬೆರೆಯುವುದು. ನೋಡಬೇಕಾದ್ದು ಇಷ್ಟು: ಪೆಟ್ಟಾದಾಗ ನಿಮ್ಮ ಹತ್ತಿರ ಬರುತ್ತಾನೆಯೇ? ಹೊಸ ಜಾಗದಲ್ಲಿ ತಿರುಗಿ ತಿರುಗಿ ನಿಮ್ಮನ್ನು ನೋಡುತ್ತಾನೆಯೇ? ಅಪರಿಚಿತರ ಜೊತೆ ಹೊರಟಾಗ ಒಂದು ಸಲವಾದರೂ ಹಿಂದೆ ನೋಡುತ್ತಾನೆಯೇ? ಮೂರಕ್ಕೂ ಇಲ್ಲ ಅಂತಾದರೆ ಸಹಾಯ ಕೇಳಿ. ಇಂಗ್ಲೆಂಡಿನಲ್ಲಿ ದತ್ತು ಕುಟುಂಬಗಳಿಗೆ ನೆರವಿನ ವ್ಯವಸ್ಥೆ ಇದೆ, ನಿಮ್ಮ ಸೋಶಿಯಲ್ ವರ್ಕರ್ ಮೂಲಕ ಕೇಳಿ. ರುಮೇನಿಯಾದ ಬುಕಾರೆಸ್ಟ್‌ನಲ್ಲಿ 2000ದ ನಂತರ ಅನಾಥಾಲಯದ ಮಕ್ಕಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದವರು ಕಂಡಿದ್ದು, ಸುಮಾರು ಎರಡು ವರ್ಷದೊಳಗೆ ಮನೆ ಸಿಕ್ಕ ಮಕ್ಕಳು ಹೆಚ್ಚು ಚೇತರಿಸಿಕೊಂಡರು. ಆಮೇಲೆ ಮನೆ ಸಿಕ್ಕವರಿಗೂ ಲಾಭವಾಯಿತು, ಆದರೆ ಅಪರಿಚಿತರ ಹಿಂದೆ ಹೋಗುವ ಅಭ್ಯಾಸ ಕೆಲವರಲ್ಲಿ ಬಹಳ ಕಾಲ ಉಳಿಯಿತು. ಹಾಗಾಗಿ ಅವಸರ ಬೇಡ, ಅಲಕ್ಷ್ಯವೂ ಬೇಡ.

ಈಗ ಮಾಡಬಹುದಾದ್ದು: ಹುಟ್ಟುಹಬ್ಬದ ಪಾರ್ಟಿ, ಕನ್ನಡ ಬಳಗದ ಯುಗಾದಿ, ದೇವಸ್ಥಾನದ ಜಂಗುಳಿ ಎಲ್ಲ ಕೆಲವು ತಿಂಗಳು ಬಿಡಿ. ದಿನಚರಿ ಬೇಸರ ಬರುವಷ್ಟು ಒಂದೇ ತರ ಇರಲಿ, ಅವನಿಗೆ ಆ ಬೇಸರ ಬಹಳ ಹಿತ. ಯಾರಾದರೂ ಎತ್ತಿಕೊಳ್ಳಲು ಬಂದರೆ ನಕ್ಕು, 'ಸದ್ಯಕ್ಕೆ ಅಪ್ಪ ಅಮ್ಮ ಮಾತ್ರ ಎತ್ತಿಕೊಳ್ಳುವುದು, ನೀವು ಟಾಟಾ ಮಾಡಿ' ಅನ್ನಿ. ಸಣ್ಣ ಪೆಟ್ಟಿಗೂ ದೊಡ್ಡದಾಗಿ ಉಪಚಾರ ಮಾಡಿ, ಊದಿ, ಎಣ್ಣೆ ಹಚ್ಚಿ, ತೊಡೆಯ ಮೇಲೆ ಕೂರಿಸಿಕೊಳ್ಳಿ. ಮಾಮೂಲಿ ಮಕ್ಕಳಿಗೆ ಇದು ಅತಿಯಾಗುತ್ತಿತ್ತು, ಇವನಿಗೆ ಆಗುವುದಿಲ್ಲ. ಮತ್ತೆ, ಯಾವತ್ತಾದರೂ ಅವನು ನಿಮ್ಮ ಮೇಲೆ ಕೂಗಾಡಿ ಹಟ ಮಾಡಿದರೆ, ನೀವು ಹೊರಗೆ ಹೊರಟಾಗ ಕಾಲು ಹಿಡಿದು ಅತ್ತರೆ, ಹಿಂದಕ್ಕೆ ಹೋದ ಅಂದುಕೊಳ್ಳಬೇಡಿ. ನೀವು ಹೋದರೆ ಅವನಿಗೆ ನಷ್ಟ ಅಂತ ಈಗ ಅನ್ನಿಸಲು ಶುರುವಾಗಿದೆ ಅಂತ ಅರ್ಥ. ಕೆಲಸಕ್ಕಿರುವವರಾದರೆ ಬ್ರಿಟನ್‌ನಲ್ಲಿ ದತ್ತು ರಜೆ 52 ವಾರದವರೆಗೆ ಇದೆ, ಇನ್ನೂ ಉಳಿದಿದ್ದರೆ ಪೂರ್ತಿ ಬಳಸಿಕೊಳ್ಳಿ.

ಪ್ರಶ್ನೆ: ಏಜೆನ್ಸಿಯ ಸೋಶಿಯಲ್ ವರ್ಕರ್ ಮನೆಗೆ ಬಂದು ವರದಿ ಬರೆಯುತ್ತಾರೆ. ಮಗು ಕಚ್ಚುತ್ತದೆ, ನಮಗೆ ನಿದ್ದೆಯಿಲ್ಲ ಅಂತೆಲ್ಲ ಹೇಳಿದರೆ ಮಗುವನ್ನು ವಾಪಸ್ ತೆಗೆದುಕೊಳ್ಳುತ್ತಾರಾ? (ಡಲ್ಲಾಸ್)

ಉತ್ತರ: ಇಲ್ಲ. ದತ್ತು ಆದೇಶ ಆದ ಮೇಲೆ ಅದು ನಿಮ್ಮದೇ ಮಗು. ಹೊರದೇಶಕ್ಕೆ ಹೋದ ಮಕ್ಕಳ ಬಗ್ಗೆ ಎರಡು ವರ್ಷ ವರದಿ ಕೊಡಬೇಕು ಅಂತ ಇಲ್ಲಿನ ನಿಯಮ, ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೆಯ ವರ್ಷ ಆರು ತಿಂಗಳಿಗೊಮ್ಮೆ. ಮನೆ ಒಪ್ಪ ಮಾಡಿ, ಮಗುವಿಗೆ ಹೊಸ ಫ್ರಾಕ್ ಹಾಕಿ, ಎಲ್ಲ ಚೆನ್ನಾಗಿದೆ ಅಂತ ಕಾಫಿ ಕೊಟ್ಟು ಕಳಿಸುವವರೇ ಜಾಸ್ತಿ. ಇಂಥ ಮಕ್ಕಳನ್ನು ಹತ್ತಾರು ನೋಡಿದವರು ನಿಮ್ಮ ಸೋಫಾದ ಮೇಲೆ ಬಂದು ಕೂತಿರುವಾಗ ಸುಮ್ನೆ ಫೋಟೋ ತೆಗೆಸಿಕೊಂಡು ಕಳಿಸುವುದು ಎಂಥ ದಂಡ ನೋಡಿ. ಕಚ್ಚುತ್ತದೆ ಅಂತ ಹೇಳಿ. ನಿಮ್ಮ ಊರಿನಲ್ಲಿ ದತ್ತು ಕುಟುಂಬಗಳನ್ನು ಬಲ್ಲ ಆಪ್ತಸಮಾಲೋಚಕರು ಯಾರಿದ್ದಾರೆ ಅಂತ ಕೇಳಿ. ಮುಚ್ಚಿಟ್ಟು ಮುಚ್ಚಿಟ್ಟು ಕೊನೆಗೆ ಕೈಚೆಲ್ಲುವ ಮನೆಗಳ ಬಗ್ಗೆ ಸೋಶಿಯಲ್ ವರ್ಕರ್‌ಗೆ ಚಿಂತೆ ಇರುತ್ತದೆ, ಕಷ್ಟ ಹೇಳಿಕೊಳ್ಳುವವರ ಬಗ್ಗೆ ಅಲ್ಲ.

ಪ್ರಶ್ನೆ: ನಾವು ಟೊರಾಂಟೊದಲ್ಲಿದ್ದೇವೆ. ಮಗುವಿನ ವಿವರ ಬಂದಿದೆ, ಒಪ್ಪಿದ್ದೇವೆ. ಕರೆತರಲು ಬರುವಾಗ ಏನು ತಯಾರಿ?

ಉತ್ತರ: ಆಟಿಕೆ ಕಡಿಮೆ ತನ್ನಿ, ಪ್ರಶ್ನೆ ಜಾಸ್ತಿ ತನ್ನಿ. ಎಷ್ಟು ಹೊತ್ತಿಗೆ ಏಳುತ್ತದೆ, ಬೋರಲು ಮಲಗುತ್ತದೋ ಅಂಗಾತವೋ, ಹಾಲು ಬಾಟಲಿಯಲ್ಲೋ ಲೋಟದಲ್ಲೋ, ನೀರು ಕಂಡರೆ ಹೆದರುತ್ತದೆಯೇ, ಯಾವ ಹಾಡಿಗೆ ಮಲಗುತ್ತದೆ, ಯಾವ ಹೆಸರಿನಿಂದ ಕರೆಯುತ್ತಾರೆ, ಯಾವ ಆಯಾ ಅಂದರೆ ಪ್ರಾಣ. ಕಚೇರಿಯ ಫೈಲಿನಲ್ಲಿ ಇದು ಇರುವುದಿಲ್ಲ, ಆ ಆಯಾ ಹತ್ತಿರವೇ ಕೂತು ಕೇಳಿ. ಅವರು ಒಪ್ಪಿದರೆ ಮಗುವಿನ ಜೊತೆ ಅವರ ಫೋಟೋ ತೆಗೆದುಕೊಳ್ಳಿ, ಹಾಡು ರೆಕಾರ್ಡ್ ಮಾಡಿಕೊಳ್ಳಿ. ಹೊದಿಯುವ ಹಳೆಯ ಬಟ್ಟೆಯನ್ನು ಕೇಳಿ ತನ್ನಿ, ಒಗೆಯಬೇಡಿ. ಬದಲಿಗೆ ಅಲ್ಲಿನ ಮಕ್ಕಳಿಗೆ ಹೊಸ ಹೊದಿಕೆ ಕೊಡಿ.

ಆಗುವುದಾದರೆ ಕೆಲವು ದಿನ ಮೊದಲೇ ಬಂದು ದಿನಾ ಹೋಗಿ ಬನ್ನಿ. ಎನ್‌ಒಸಿ ಸಿಕ್ಕ ಮೇಲೆ ಆದೇಶಕ್ಕೆ ಕಾಯುತ್ತಿರುವಾಗ ಮಗುವನ್ನು ತಾತ್ಕಾಲಿಕ ಪೋಷಣೆಗೆ ಭಾರತದೊಳಗೇ ನಿಮ್ಮ ಜೊತೆ ಇಟ್ಟುಕೊಳ್ಳಲು ನಿಯಮದಲ್ಲಿ ಅವಕಾಶವಿದೆ, ರಜೆ ಇದ್ದರೆ ಬಳಸಿಕೊಳ್ಳಿ. ಹೊರಡುವಾಗ ಆಯಾ ತಾನೇ ಮಗುವನ್ನು ನಿಮ್ಮ ಕೈಗೆ ಕೊಡಲಿ, ಅವರು ಅತ್ತರೆ ಅಳಲಿ, ಮಗುವಿಗೆ ಹೋಗಿ ಬಾ ಅಂತ ಹೇಳಲಿ. ಹುಟ್ಟಿದ ದಿನಾಂಕ ಡಾಕ್ಟರ್ ಅಂದಾಜು ಮಾಡಿದ್ದಿರಬಹುದು, ಹಾಗಾಗಿ ಎರಡು ವರ್ಷಕ್ಕೆ ಇಷ್ಟು ಮಾತು ಬರಬೇಕು ಅಂತ ಪಟ್ಟಿ ಹಿಡಿದು ಕೂರಬೇಡಿ. ವಿಮಾನ ನಿಲ್ದಾಣಕ್ಕೆ ಬಲೂನು ಹಿಡಿದು ಗೆಳೆಯರ ದಂಡು ಬರುವುದು ಬೇಡ, ಫ್ರಿಜ್‌ನಲ್ಲಿ ಅನ್ನ ಸಾರು ಇಟ್ಟು ಹೋದರೆ ಸಾಕು.

ಪ್ರಶ್ನೆ: ಮಗುವಿನ ಹೆಸರು ಜಾತಕಕ್ಕೆ ಹೊಂದುವುದಿಲ್ಲ, ಬದಲಾಯಿಸಬಹುದಾ? ದತ್ತು ಅಂತ ಯಾವ ವಯಸ್ಸಿಗೆ ಹೇಳಬೇಕು?

ಉತ್ತರ: ಮಗು ತನ್ನ ಹೆಸರಿಗೆ ತಿರುಗಿ ನೋಡುತ್ತದೆ ಅಂದರೆ ಅದು ಆಗಲೇ ಅದರದಾಗಿದೆ. ಎಲ್ಲ ಹೋದ ಮೇಲೂ ಜೊತೆಗೆ ಬಂದ ಒಂದೇ ವಸ್ತು ಅದು. ಕಾಗದದಲ್ಲಿ ಅಜ್ಜಿಯ ಹೆಸರೋ ದೇವರ ಹೆಸರೋ ಸೇರಿಸಿ, ಮನೆಯಲ್ಲಿ ಹಳೆಯದನ್ನೇ ಕರೆಯಿರಿ. ಜಾತಕಕ್ಕೆ ಹೊಂದುವುದಿಲ್ಲ ಅಂತ ಬರೆದಿದ್ದೀರಿ. ಅಂದಾಜಿನ ಹುಟ್ಟಿದ ದಿನಕ್ಕೆ ಜಾತಕ ಬರೆಸಿದ್ದಾದರೂ ಹೇಗೆ ಅಂತ ನನಗೆ ಕುತೂಹಲ.

ದತ್ತು ಅಂತ ಹೇಳಲು ವಯಸ್ಸು ಬೇಡ, ಈಗಿನಿಂದಲೇ ಹೇಳಿ. ಅಂಗಿ ಹಾಕುವಾಗ, ಫೋಟೋ ತೋರಿಸುವಾಗ, 'ನೀನು ಬೆಳಗಾವಿಯಲ್ಲಿದ್ದೆ, ಈ ಅವ್ವ ನಿನ್ನ ನೋಡ್ಕೋತಿದ್ರು, ನಾವು ವಿಮಾನದಲ್ಲಿ ಬಂದ್ವಿ' ಅಂತ ಕಥೆಯ ಹಾಗೆ, ಊರಿನ ಹೆಸರು ನಿಮ್ಮದು ಹಾಕಿಕೊಳ್ಳಿ. ಮಗುವಿಗೆ ಅರ್ಥವಾಗುವ ಹೊತ್ತಿಗೆ ನಿಮಗೆ ಹೇಳಿ ಅಭ್ಯಾಸವಾಗಿರುತ್ತದೆ, ಗಂಟಲು ಕಟ್ಟುವುದಿಲ್ಲ. ಹೆತ್ತವರ ಬಗ್ಗೆ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ, ಚಂದದ ಸುಳ್ಳು ಕಟ್ಟಬೇಡಿ. ನಮ್ಮ ನಿಯಮದ ಪ್ರಕಾರ 18 ತುಂಬಿದ ಮೇಲೆ ಮಗು ತಾನೇ ತನ್ನ ಮೂಲ ಹುಡುಕಲು ಅರ್ಜಿ ಹಾಕಬಹುದು, ಅದಕ್ಕೂ ಮೊದಲು ನಿಮ್ಮ ಜೊತೆ ಸೇರಿ ಹಾಕಬಹುದು. ಆಗ ಬೇಕಾಗುವ ಕಾಗದಗಳನ್ನು ಈಗಲೇ ಜೋಪಾನ ಮಾಡಿ: ಮಗುವಿನ ಹಿನ್ನೆಲೆ ಬರೆದ ಅಧ್ಯಯನ ವರದಿ (ಚೈಲ್ಡ್ ಸ್ಟಡಿ ರಿಪೋರ್ಟ್), ವೈದ್ಯಕೀಯ ವರದಿ, ದತ್ತು ಆದೇಶ, ಶಿಶುಗೃಹದ ವಿಳಾಸ. ಸ್ಕ್ಯಾನ್ ಮಾಡಿ ಎರಡು ಕಡೆ ಇಡಿ, ಎಲ್ಲಿದೆ ಅಂತ ನಿಮ್ಮ ಮನೆಯವರಿಗೂ ಹೇಳಿಡಿ.